ಹಳೆಯ ಪ್ರೋಗ್ರಾಂ ಕೊಟ್ಟ ಉತ್ತರ

ಸೋಮವಾರ ಬೆಳಗ್ಗೆ ಠಾಣೆಗೆ ಬಂದ ದೂರು ನರ್ಸ್ ಒಬ್ಬಳ ಮೇಲಿತ್ತು. ಡ್ರಿಪ್ ಪಂಪ್ ನಿಂತರೂ ನೋಡದೆ ಮಲಗಿದ್ದಳು, ಅದರಿಂದಲೇ ತನ್ನ ಹೆಂಡತಿ ಸತ್ತಳು ಎಂದು ದೂರುದಾರ ಬರೆದುಕೊಟ್ಟಿದ್ದ. ಎಫ್‌ಐಆರ್ ದಾಖಲಾಯಿತು.

"ಮಲಗಿದ್ಯೇನಮ್ಮ?" ಇನ್‌ಸ್ಪೆಕ್ಟರ್ ಕೇಳಿದರು.

"ಪಕ್ಕದ ಬೆಡ್ ಹತ್ರ ಇದ್ದೆ ಸರ್. ಪಂಪ್ ಕೂಗ್ಲೇ ಇಲ್ಲ."

"ಎಲ್ರೂ ಹಾಗೇ ಹೇಳ್ತಾರೆ."

"ಹಾಗಾದ್ರೆ ಪಂಪನ್ನೇ ಕೇಳಿ."

ಪಂಚನಾಮೆಯ ವೇಳೆ ಕಾನ್‌ಸ್ಟೇಬಲ್ ನಳಿಕೆ ಮಡಚಿ ಹಿಡಿದ. ಹನಿ ನಿಂತಿತು. ಆಗ ಕೂಗಬೇಕಿದ್ದ ಪಂಪ್ ಸದ್ದಿಲ್ಲದೆ ಹಸಿರು ದೀಪ ಉರಿಸುತ್ತಲೇ ಇತ್ತು. ಹಿಂದಿನ ವಾರವಷ್ಟೇ ಅದಕ್ಕೆ ಹೊಸ ಸಾಫ್ಟ್‌ವೇರ್ ಹಾಕಿದ್ದರು.

ತಯಾರಕರ ಕಚೇರಿಯಲ್ಲಿ ಪರೀಕ್ಷಾ ವಿಭಾಗದ ಮುಖ್ಯಸ್ಥ ಕುರ್ಚಿ ತೋರಿಸಿದ. ಅವನ ಕಣ್ಣುಗಳು ಕೆಂಪಗಿದ್ದವು.

"ಅಲಾರಂ ಪರೀಕ್ಷೆ ಪಾಸಾಗಿದೆ ಸರ್. ಎಲ್ಲಾ ಕಂಪ್ಯೂಟರೇ ಮಾಡುತ್ತೆ."

"ನಮ್ಮೆದುರು ಮಾಡಿ."

ಪಾಸಾಯಿತು.

"ಕಂಪ್ಯೂಟರ್ ಆರಿಸಿ, ಮತ್ತೆ ಹಾಕಿ, ಮತ್ತೆ ಮಾಡಿ."

"ಅದು ಬೇಡ ಸರ್."

ಕಾನ್‌ಸ್ಟೇಬಲ್ ಬಾಗಿಲ ಬಳಿ ಹೋಗಿ ನಿಂತ. ಮುಖ್ಯಸ್ಥ ಕಂಪ್ಯೂಟರ್ ಆರಿಸಿ ಹಾಕಿದ. ಈ ಸಲ ಪರದೆ ಕೆಂಪಾಯಿತು: ಅಲಾರಂ ಬರಲಿಲ್ಲ.

"ಬಿಡಿಸಿ ಹೇಳಿ," ಎಂದರು ಇನ್‌ಸ್ಪೆಕ್ಟರ್.

"ಪರೀಕ್ಷೆಗೆ ಪಂಪಿನ ಪ್ರೋಗ್ರಾಂನ ಕಂಪ್ಯೂಟರಲ್ಲೇ ಓಡಿಸ್ತೀವಿ, ಅದು ಒಂದು ಪೋರ್ಟ್ ಹಿಡೀಬೇಕು. ಬಾಗಿಲ ನಂಬರ್ ಅಂದ್ಕೊಳ್ಳಿ. ನಮ್ಮಲ್ಲಿ ಎಲ್ಲಕ್ಕೂ ಒಂದೇ ನಂಬರ್. ಹಳೇದು ಬಿಟ್ಟು ಹೋಗದಿದ್ರೆ ಹೊಸದಕ್ಕೆ ಜಾಗ ಇಲ್ಲ. ತಪ್ಪೇ ಇಲ್ಲದೆ ಪರೀಕ್ಷೆ ಫೇಲ್."

"ಅದಕ್ಕೆ?"

"ಬಾಗಿಲಲ್ಲಿ ಯಾರಿದ್ರೂ ನಮ್ಮವರೇ ಅಂತ ಮುಂದುವರಿಯೋ ಹಾಗೆ ಬರೆದೆ. ಇದ್ದಿದ್ದು ಹಳೇ ಪ್ರೋಗ್ರಾಂ. ಅದರ ಅಲಾರಂ ಸರಿ ಇತ್ತು. ಈಗ ಆರಿಸಿ ಹಾಕಿದಾಗ ಅದು ಹೋಯ್ತು, ಹೊಸದು ಸಿಕ್ಕಿಬಿತ್ತು."

"ತಮ್ಮನ ಪರೀಕ್ಷೆ ಅಣ್ಣ ಬರೆದ ಹಾಗಾಯ್ತು," ಎಂದ ಕಾನ್‌ಸ್ಟೇಬಲ್. ಯಾರೂ ನಗಲಿಲ್ಲ.

"ಯಾವಾಗ ಗೊತ್ತಾಯ್ತು?"

"ಹೊಸದನ್ನ ಆಸ್ಪತ್ರೆಗಳಿಗೆ ಕಳಿಸಿದ ಮಾರನೇ ದಿನ."

"ಆಕೆ ಆಗ ಬದುಕಿದ್ದಳು."



ಮುಖ್ಯಸ್ಥನನ್ನು ಬಂಧಿಸಿದರು. ಉಳಿದ ಆಸ್ಪತ್ರೆಗಳ ಪಂಪ್‌ಗಳನ್ನು ಅಂದೇ ನಿಲ್ಲಿಸಲಾಯಿತು. ನರ್ಸ್ ಮೇಲಿನ ಆರೋಪ ಕೈಬಿಟ್ಟರು.

ಜೀಪಿನಲ್ಲಿ ಅವನೇ ಬಾಯಿಬಿಟ್ಟ. "ಪ್ರತಿ ಸಲ ಖಾಲಿ ಇರೋ ಪೋರ್ಟ್ ಕೊಡು ಅಂತ ಕಂಪ್ಯೂಟರನ್ನೇ ಕೇಳಿದ್ರೆ ಸಾಕಿತ್ತು ಸರ್. ಸಣ್ಣ ಕೆಲಸ. ಕಂಪನಿಯವರು ಟೈಮ್ ಕೊಡಲಿಲ್ಲ. ಪೋರ್ಟ್ ಜಗಳಕ್ಕೆ ಫೇಲ್ ಆದಾಗೆಲ್ಲ ನಾನು ಪಂಪ್ ಕಳಿಸೋದು ನಿಲ್ಲಿಸಿ ಅಂತಿದ್ದೆ, ಅವರು 'ಬಂತಪ್ಪ ತೋಳ' ಅಂತ ನಗ್ತಿದ್ರು. ಈ ಸಲ ನಿಜವಾಗ್ಲೂ ತೋಳ ಬಂದಿತ್ತು. ಮತ್ತೆ ನಗೆಪಾಟಲಾಗೋಕೆ ಆಗದೆ ಹೇಳದೇ ಉಳಿದೆ."

ಇನ್‌ಸ್ಪೆಕ್ಟರ್ ಅದನ್ನು ಹೇಳಿಕೆಯಲ್ಲಿ ಹಾಗೆಯೇ ಬರೆಸಿದರು. ಒಂದು ಪದವನ್ನೂ ತಿದ್ದಲಿಲ್ಲ.