ಹಿಡಿಯಲ್ಲಿ ಮುರಿಯುವ ಉಂಡೆ

ಜೀಡಿಮೆಟ್ಲಾದ ಮಾತ್ರೆ ಕಾರ್ಖಾನೆಯನ್ನು ದೊಡ್ಡ ಕಂಪನಿಯೊಂದು ಕೊಂಡ ಮೇಲೆ, ಅಲ್ಲಿ ವರ್ಷಗಳಿಂದ ಮಾತ್ರೆಯ ಹಿಟ್ಟು ಕಲಸುತ್ತಿದ್ದ ಸ್ನೇಹಲತಾಳ ತಲೆಯೊಳಗಿನದನ್ನು ಬಗೆದುಕೊಂಡು ಹೋಗಲು ಬಂದವರಲ್ಲಿ ಬಸವಕಿರಣ ನಾಲ್ಕನೆಯವನು. ಮೊದಲ ಮೂವರು ಅವಳು ಹೇಳಿದ್ದನ್ನು ಬರೆದುಕೊಂಡು, ಶುಕ್ರವಾರದ ‘ಜ್ಞಾನ ಹಂಚಿಕೆ’ ಸಭೆಯಲ್ಲಿ ತಮ್ಮ ಹೆಸರಿನಲ್ಲಿ ಓದಿ, ಪ್ರಮೋಷನ್ ಹೊಡೆದಿದ್ದರು. ಹಂಚಿಕೆಯಂತೆ! ಅಲ್ಲಿ ನಿಜವಾಗಿ ಹಂಚುತ್ತಿದ್ದದ್ದು ಸಮೋಸ ಮಾತ್ರ.

ಇವನು ಬೀದರಿನವನು, ಅವಳ ಊರಿನ ಕಡೆಯವನೇ.

“ಮೇಡಂ, ಹೊಸ ಪ್ಲಾಂಟಿನಾಗ ಮಾತ್ರಿ ಒಡ್ಯಾಕತ್ತಾವ್ರಿ. ಕಾಗದದಾಗ ಬರದಂಗ ಹಿಟ್ಟು ಹತ್ತು ನಿಮಿಷ ಕಲಸೀವಿ.”

“ಗಡಿಯಾರ ನೋಡಿ ರೊಟ್ಟಿ ಹಿಟ್ಟು ನಾದತಾರೇನ್ರಿ ನಿಮ್ಮ ಮನ್ಯಾಗ?”

“ನಮ್ಮವ್ವ ನಾದತಾಳ್ರಿ. ನಾ ತಿಂತೀನಿ.”

ನಗು ಬಂತು. ಮಾಸ್ಕ್ ಇದೆಯಲ್ಲ ಎಂದುಕೊಂಡಳು. ಆದರೆ ಅವನ ನೋಟ ಅವಳ ಕಣ್ಣಂಚಿನಲ್ಲೇ ನಿಂತಿತ್ತು. ನಗು ಅಲ್ಲಿಗೂ ಬರುತ್ತದೆಂದು ಕಳ್ಳನಿಗೆ ಗೊತ್ತಿತ್ತು.

“ಹೇಳ್ರಲಾ. ನಿಮ್ಮ ಹೆಸರು ಹಾಕೇ ಓದತೀನಿ. ಬಸವಣ್ಣನ ಆಣಿ.”

ಮೂರು ವಾರ ಅವನು ನೋಟ್‌ಬುಕ್ ಮುಚ್ಚಿಟ್ಟು ಅವಳ ಪಕ್ಕದಲ್ಲಿ ನಿಂತು ಕಲಸಿದ, ಕೆಡಿಸಿದ, ಬೈಸಿಕೊಂಡ. ಕೊನೆಗೊಂದು ದಿನ ಅವಳೇ ಅವನ ಗ್ಲೌಸ್ ಹಾಕಿದ ಕೈ ಹಿಡಿದು, ಒದ್ದೆ ಹಿಟ್ಟಿನ ಮೇಲೆ ಮುಷ್ಟಿ ಕಟ್ಟಿಸಿದಳು.

“ಈಗ ಮುರೀರಿ.”

ಉಂಡೆ ಅಂಟಲಿಲ್ಲ, ಉದುರಲಿಲ್ಲ, ಎರಡು ಹೋಳಾಯಿತು.

“ಇಷ್ಟಕ್ಕ ನಿಲ್ಲಿಸಬೇಕು. ಮಳಿಗಾಲದಾಗ ನೀರು ಕಡಿಮಿ. ಕೈಯೇ ಹೇಳತೈತಿ.”

ಹೇಳಿದ ಮೇಲೂ ಅವಳು ಕೈ ಬಿಡಲಿಲ್ಲ. ಅವನೂ ಬಿಡಿಸಿಕೊಳ್ಳಲಿಲ್ಲ.

ಶುಕ್ರವಾರದ ಸಭೆಯಲ್ಲಿ ಪರದೆಯ ಮೇಲೆ ಅವಳ ಹೆಸರು ದಪ್ಪಕ್ಷರದಲ್ಲಿ ಬಂತು. ಕೊನೆಯ ಸಾಲಿನಲ್ಲಿದ್ದ ಸ್ನೇಹಲತಾ ನೆಟ್ಟಗೆ ಕುಳಿತಳು. ಡೈರೆಕ್ಟರ್ ರಾಮಕೃಷ್ಣ ನಯವಾಗಿ ಕೇಳಿದರು: ಇದು ಕಂಪನಿಯ ಜ್ಞಾನ, ಒಬ್ಬರ ಹೆಸರು ಯಾಕೆ? ಅವರ ಮುಂದಿನ ಹಿತ್ತಾಳೆ ಹಲಗೆಯಲ್ಲಿ ಅವರ ಹೆಸರು ಡಿಗ್ರಿಗಳ ಸಮೇತ ಹೊಳೆಯುತ್ತಿತ್ತು.

ಬಸವಕಿರಣ ಒಮ್ಮೆ ಅವಳತ್ತ ನೋಡಿದ. ಆಮೇಲೆ ತಲೆ ತಗ್ಗಿಸಿ ಹೆಸರು ಅಳಿಸಿದ.

ಸಂಜೆ ಬಸ್ ಸ್ಟಾಪಿಗೆ ಓಡಿ ಬಂದ.

“ನೌಕರಿ ಹೋಗತಿತ್ರಿ. ಸ್ನೇಹಾ, ನಾ ನಿಮ್ಮನ್ನ ಭಾಳ ಪ್ರೀತಿ ಮಾಡತೀನಿ. ಮದುವಿ ಆಗೋಣು.”

“ನನಗೂ ಪ್ರೀತಿ ಐತ್ರಿ. ಸುಳ್ಳ ಯಾಕ ಹೇಳಲಿ? ಆದ್ರ ಹತ್ತು ಮಂದಿ ಮುಂದ ನನ್ನ ಹೆಸರು ಹೇಳಾಕ ಅಂಜೋ ಗಂಡಸಿನ ಜೋಡಿ ಸಂಸಾರ? ಬ್ಯಾಡ್ರಿ.”

“ಇನ್ನೊಂದು ಸಲ…”

“ಇನ್ನೊಂದು ಸಲನೂ ಕಳಕೊಳ್ಳಾಕ ನೌಕರಿ ಇರತೈತಲ್ರಿ.”

ಅಮೀರ್‌ಪೇಟ್ ಬಸ್ ಬಂತು. ಹತ್ತಿ ಕಿಟಕಿಯ ಪಕ್ಕ ಕುಳಿತಳು. ಅವನು ಕೈ ಎತ್ತಿದ. ಅವಳೂ ಎತ್ತಿದಳು. ಮೂರು ವಾರಕ್ಕೆ ಅಷ್ಟು ಮರ್ಯಾದೆ ಸಲ್ಲುತ್ತಿತ್ತು.