ದಾರಿ ಕಾಯುವವರ ಸಹಿ

"ಈ ಒಂಬತ್ತನೇ ನಿಯಮಾ ಯಾರು ಕೂಡಿಸಿದ್ರು?"

ಹಾಳೆಯನ್ನು ಟೈಪ್‌ರೈಟರಿನ ಪಕ್ಕಕ್ಕೆ ಬಡಿದ ದುರ್ಗಪ್ಪ. ಅವನ ಕೈಯ ಗ್ರೀಸು ಹಾಳೆಗೆ ಮೆತ್ತಿತು.

ಪದ್ಮವ್ವ ತಲೆಯೆತ್ತಿದಳು. ಅವನನ್ನು ಅವಳು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ನಾನ ಕೂಡಿಸೇನ್ರಿ. ಕಮಿಟಿಯವರು ಒಪ್ಯಾರ."

ಅದು ಸಾವಿರದ ಒಂಬೈನೂರ ಎಪ್ಪತ್ತೆಂಟು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ... ವರ್ಷಕ್ಕೆ ಈ ನಾಲ್ಕು ಊರುಗಳ ನಡುವೆ ನಾಲ್ಕು ಮೋಟರ್‌ಸೈಕಲ್ ಪಂದ್ಯ, ಎಲ್ಲದರ ಅಂಕ ಕೂಡಿಸಿದ ಮೇಲೆ ಒಬ್ಬನೇ ವಿಜೇತ! ಬೈಲಹೊಂಗಲದ ಮೆಕ್ಯಾನಿಕ್ ದುರ್ಗಪ್ಪ ಬಹುದಿನಗಳಿಂದ ಕಂಡ ಕನಸದು. ಯಾವ ಇಂಜಿನ್ನಿಗೆ ಯಾವ ಗುಂಪು, ಯಾರಿಗೆ ಎಷ್ಟು ಅಂಕ, ಬ್ರೇಕಿನ ಪರೀಕ್ಷೆ ಹೇಗೆ ಎಂದೆಲ್ಲ ಎಂಟು ನಿಯಮ ಬರೆದಿದ್ದ. ಅವನ್ನು ಟೈಪ್ ಮಾಡಲು ಪಂದ್ಯದ ಕಮಿಟಿಯ ಭರಮಪ್ಪ ಮಾಸ್ತರರು ಟೈಪಿಂಗ್ ಕ್ಲಾಸಿನ ಪದ್ಮವ್ವನಿಗೆ ಕೊಟ್ಟಿದ್ದರು. ಅವರನ್ನು ಒಪ್ಪಿಸಿ ಅವಳು ಒಂಬತ್ತನೆಯದನ್ನು ಸೇರಿಸಿದ್ದಳು:

'ಸವಾರನು ತಾಯಿ, ಅಕ್ಕತಂಗಿ ಅಥವಾ ಹೆಂಡತಿಯ ಒಪ್ಪಿಗೆ ಸಹಿ ತರತಕ್ಕದ್ದು.'

"ಗಾಡಿ ಓಡಸವ್ರು ನಾವು. ಸಹಿ ಅವರದ್ಯಾಕ?"

"ಕಾಯವ್ರು ಅವರಲ್ರಿ, ಅದಕ್ಕ! ನಮ್ಮಪ್ಪ ಮನ್ಯಾಗ ಹೇಳದಂಗ ಪಂದ್ಯಕ್ಕ ಹೋಗಿ ಕಾಲು ಮುರಕೊಂಡ. ನಮ್ಮವ್ವ ಮೂರು ದಿನ ಊರೂರು ಹುಡುಕ್ಯಾಳ. ನಿಮ್ಮ ಎಂಟು ನಿಯಮದಾಗ ಇಂಜಿನ್ನಿಂದು ಐತಿ, ಬ್ರೇಕಿಂದು ಐತಿ... ಮನ್ಯಾಗಿನವರದು ಎಲ್ಲೈತ್ರಿ?"

ದುರ್ಗಪ್ಪನ ಮುಖ ಬಾಡಿತು. "ಆತು. ಹಂಗ ಇರ್ಲಿ," ಎಂದವನೇ ಹೊರಟುಹೋದ.

'ಹೆಣ್ಣಿನ ಸಹಿ ಕೇಳೂದು ಇವನಿಗೆ ಅಪಮಾನ! ಎಂಥಾ ಸೊಕ್ಕು!' ಎಂದುಕೊಂಡಳು. ಆದರೂ ಆ ಬಾಡಿದ ಮುಖ ಕಣ್ಣ ಮುಂದಿನಿಂದ ಸರಿಯಲೊಲ್ಲದು...

ಎರಡು ವಾರದಲ್ಲಿ ಇಪ್ಪತ್ತೆರಡು ಫಾರ್ಮು ಬಂದವು. ಒಬ್ಬ ಮುದುಕಿಯಂತೂ "ಇಲ್ಲೀ ಮಟ ನನ್ನ ಯಾರೂ ಕೇಳಿರ್ಲಿಲ್ಲವಾ" ಎಂದು ಕಣ್ಣೊರೆಸಿಕೊಂಡು ಹೆಬ್ಬೆಟ್ಟು ಒತ್ತಿದಳು. ಆದರೆ ದುರ್ಗಪ್ಪನ ಫಾರ್ಮು ಬರಲೇ ಇಲ್ಲ.

ಕಾರಣ ಹೇಳಿದವಳು ಚಹಾದಂಗಡಿಯ ರಾಯವ್ವ.

"ಅವಗ ಯಾರದಾರವಾ ಸಹಿ ಹಾಕಾಕ? ಸಣ್ಣಾಂವ ಇದ್ದಾಗನ ತಾಯಿ ಹೋದ್ಲು. ಅಕ್ಕತಂಗ್ಯಾರಿಲ್ಲ, ಲಗ್ನ ಆಗಿಲ್ಲ. ತಾ ಕಟ್ಟಿದ ಪಂದ್ಯಾ ತಾನ ನಿಂತು ನೋಡಬೇಕಾಗೇತಿ."

'ಅಯ್ಯೋ... ನಾ ಏನ ಮಾಡಿಬಿಟ್ಟೆ!'

ಪದ್ಮವ್ವ ಒಂದೇ ಉಸಿರಿಗೆ ಗ್ಯಾರೇಜಿಗೆ ನಡೆದಳು.

"ಒಂಬತ್ತನೇದು ತಗದಬಿಡತೇನ್ರಿ."

"ಬ್ಯಾಡ್ರಿ." ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟ ದುರ್ಗಪ್ಪ. "ನನ್ನ ಹೊರಗ ಹಾಕಾಕ ಬರದೀರಿ ಅಂತ ಅವತ್ತ ಸಿಟ್ಟು ಬಂದಿತ್ತು. ಈಗ ನೋಡ್ರಿ, ಗಾಡಿ ಜೋಡಿ ತಾಯೇರೂ ಗ್ಯಾರೇಜಿಗೆ ಬರಾಕ ಹತ್ಯಾರ. 'ಬ್ರೇಕ್ ಚೊಲೋ ಅದಾವೇನಪಾ' ಅಂತ ಕೇಳ್ತಾರ. ನಿಯಮಾ ಖರೇ ಐತಿ. ಒಬ್ಬನ ಸಲುವಾಗಿ ಮುರೀಬ್ಯಾಡ್ರಿ."

'ಇವನಿಗೆ ಸೊಕ್ಕು ಅಂದುಕೊಂಡಿದ್ದೆನಲ್ಲ!' ಎಂದುಕೊಂಡಳು ಪದ್ಮವ್ವ.

ಅವಳು ನಿಯಮವನ್ನು ಮುರಿಯಲಿಲ್ಲ, ತಿದ್ದಿದಳು. 'ತಾಯಿ, ಅಕ್ಕತಂಗಿ ಅಥವಾ ಹೆಂಡತಿಯ' ಎಂಬುದನ್ನು ಹೊಡೆದುಹಾಕಿ 'ತನ್ನ ದಾರಿ ಕಾಯುವವರ' ಎಂದು ಟೈಪ್ ಮಾಡಿದಳು. ಮಾಸ್ತರರು ಎರಡು ಸಲ ಓದಿ, "ಇದು ಮೊದಲಿಗಿಂತ ಚೊಲೋ ಆತು" ಎಂದರು.

ಮರುದಿನ ದುರ್ಗಪ್ಪನ ಕೈಗೊಂದು ಫಾರ್ಮು ಬಂತು. ಕೆಳಗೆ ಸಹಿ: ಪದ್ಮವ್ವ.

"ಇದು... ಕನಿಕರದ ಸಹಿ ಏನ್ರಿ?"

"ಕನಿಕರ ಆಗಿದ್ರ ಮಾಸ್ತರ ಕಡಿಂದ ಹಾಕಸತಿದ್ದೆ." ಅವಳ ಕೆನ್ನೆ ಕೆಂಪಾಯಿತು. "ಸಹಿ ಹಾಕಿದವ್ರು ಕಾಯಬೇಕಾಗತೈತಿ... ಗೊತ್ತಿದ್ದ ಹಾಕೇನಿ."

ಮೊದಲ ಪಂದ್ಯ ಸವದತ್ತಿಯಿಂದ ಕಟಕೋಳದ ಮೂಲಕ ರಾಮದುರ್ಗಕ್ಕೆ. ಪದ್ಮವ್ವ ರಾಮದುರ್ಗದಲ್ಲಿ ಬೆಳಿಗ್ಗೆಯಿಂದ ನಿಂತೇ ಇದ್ದಳು. ಒಬ್ಬ ಬಂದ. ಇಬ್ಬರು... ಆರು ಜನ ಬಂದರು. ಅವನಿಲ್ಲ! ರಸ್ತೆಯ ಮೇಲೆ ಬರೀ ಧೂಳು. ಅವಳು ರಸ್ತೆಯಂಚಿಗೇ ಬಂದು ನಿಂತಳು.

ಆ ಧೂಳಿನೊಳಗಿಂದ ಏಳನೆಯ ಗಾಡಿ ಬಂತು.

"ನಾನ ಬರದ ಪಟ್ಟಿಯೊಳಗ ಆರನೇದವನ ಮಟ ಮಾತ್ರ ಅಂಕ," ದುರ್ಗಪ್ಪ ಪೆಚ್ಚಾಗಿ ನಕ್ಕ. "ನನಗ ಸೊನ್ನಿ."

"ಬಂದ್ರಲ್ಲ..." ಅವಳ ಕಣ್ಣು ತುಂಬಿತು. "ನನಗ ಅಷ್ಟ ಸಾಕು."

ಅವನು ಗಾಡಿಯಿಂದ ಇಳಿದ.

"ಪಂದ್ಯಾ ಮುಗದ ಮ್ಯಾಲೂ ಹಿಂಗ ಕಾಯ್ತೀರೇನ್ರಿ?"

"ಸಂಜೀಕ ಮನಿಗೆ ಬರ್ರಿ. ಅವ್ವನ ಮುಂದ ಲಗ್ನದ ಮಾತು ನೀವ ಎತ್ತಬೇಕು."

"ಎತ್ತತೇನಿ. ಅವರು ನಿಮ್ಮ ಒಪ್ಪಿಗಿ ಕೇಳಿದ್ರ...?"

"ನಸುಕಿನ್ಯಾಗನ ಅವ್ವಗ ಹೇಳಿ ಬಂದೇನ್ರಿ... ಹೂಂ ಅಂತ."