ಬೋರಲು ಮಲಗಿದ ಮಗು

"ಮಗೀನ ಬೋರಲು ಹಾಕ್‌ಬ್ಯಾಡಿ. ಹೋಗೋ ಜೀವ ನಮ್ಮನೇಲೇ ಹೋಗ್ಲಿ, ಗುಬ್ಬಿಗೆ ಕರ್ಕೊಂಡು ನಡೀರಿ," ಎಂದು ಪುಟ್ಟಗಂಗಮ್ಮ ಐಸಿಯು ಬಾಗಿಲಿಗೆ ಅಡ್ಡ ನಿಂತುಬಿಟ್ಟರು.

ಒಳಗೆ ಮೊಮ್ಮಗಳು ಚಂದನ ವೆಂಟಿಲೇಟರ್ ಮೇಲಿದ್ದಳು. ಜ್ವರ ನ್ಯುಮೋನಿಯಾಕ್ಕೆ ತಿರುಗಿ, ತುಮಕೂರಿನ ಈ ಆಸ್ಪತ್ರೆ ಸೇರುವಷ್ಟರಲ್ಲಿ ಮಗುವಿಗೆ ಉಸಿರೆಳೆಯುವ ತ್ರಾಣವೇ ಉಳಿದಿರಲಿಲ್ಲ. ಈಗ ಯಂತ್ರ ಎಷ್ಟು ಗಾಳಿ ಕೊಟ್ಟರೂ ರಕ್ತಕ್ಕೆ ಆಮ್ಲಜನಕ ಸಾಲದು. ಬೋರಲು ಮಲಗಿಸಿ ನೋಡೋಣ, ಹೆತ್ತವರು ಒಪ್ಪಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಊರಂಚಿನ ಸತ್ಯಮಂಗಲದ ಕಾರ್ಖಾನೆಯಿಂದ ಓಡಿಬಂದಿದ್ದ ಮಗುವಿನ ಅಪ್ಪ ಹನುಮಂತರಾಜು ತಾಯಿಗೆ ಎಂದೂ ಎದುರಾಡಿದವನಲ್ಲ. ಅವರ ಹಿಂದೆ ಹೋಗಿ ನಿಂತ.

ಅವನ ಹೆಂಡತಿ ಮಂಜುಶ್ರೀಗೆ ಅಳು ಒತ್ತರಿಸಿ ಬರುತ್ತಿತ್ತು. ಆ ಅಳುವಿನಲ್ಲೂ ಒಂದು ಪ್ರಶ್ನೆ ಅವಳನ್ನು ಬಿಡಲಿಲ್ಲ... ಯಂತ್ರದ ಕೈಲೇ ಆಗದ್ದು ಮಗುವನ್ನು ತಿರುಗಿಸಿದ ಮಾತ್ರಕ್ಕೆ ಹೇಗೆ ಆದೀತು? ಅತ್ತೆಯನ್ನು ದಾಟಿ ಒಳಗೆ ಹೋಗಿ ಕೇಳಿಯೇಬಿಟ್ಟಳು. ಅಂಗಾತ ಮಲಗಿದಾಗ ಬೆನ್ನಿನ ಕಡೆಯ ಶ್ವಾಸಕೋಶ ಭಾರಕ್ಕೆ ಅದುಮಿಹೋಗಿ ಮುಚ್ಚಿಕೊಳ್ಳುತ್ತದೆ, ತಿರುಗಿಸಿದರೆ ಅಲ್ಲಿಗೂ ಗಾಳಿ ಹೋಗಬಹುದು ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಬಾಯಿಗಿಟ್ಟ ಉಸಿರಿನ ಕೊಳವೆ ಜರುಗುವ ಅಪಾಯವಿದೆ, ಖಾತ್ರಿಯಂತೂ ಇಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

"ಮಾಡಿ ಮೇಡಂ. ಹೆತ್ತವಳು ನಾನು, ಒಪ್ಪಿದೀನಿ."

ಹೊರಗೆ ಬಂದರೆ ಅತ್ತೆ ಕಟುಕಿ ಎಂದರು, ಮಗನ ಮನೆ ಹಾಳುಮಾಡಲು ಬಂದವಳು ಎಂದರು. ಮದುವೆಯಾದಂದಿನಿಂದ ಕೇಳುತ್ತಾ ಬಂದ ಬೈಗುಳವೇ. ಆದರೆ ಬೈಗುಳದ ನಡುನಡುವೆ ಬೋರಲು ಬ್ಯಾಡ, ಬೋರಲು ಬ್ಯಾಡ ಎಂದು ತಮ್ಮಷ್ಟಕ್ಕೆ ಗೊಣಗುತ್ತಿದ್ದರು. ಇದು ಬರೀ ಸಿಟ್ಟೇ? ಮಂಜುಶ್ರೀ ಪಕ್ಕದಲ್ಲಿ ಕೂತು, ಬೋರಲು ಎಂದರೆ ಯಾಕಿಷ್ಟು ಭಯ ಎಂದು ಮೆಲ್ಲಗೆ ಕೇಳಿದಳು.

"ನಮ್ ಗಂಗರಾಜುನ್ನೂ ಹಂಗೇ ಮಲಗ್ಸಿದ್ರು ಕಣೇ... ಕುಣಿಗಲ್ ಕೆರೆಯಿಂದ ಎತ್ತಿ, ಏರಿ ಮ್ಯಾಲೆ. ನೀರು ಕಕ್ತಾನೆ, ಏಳ್ತಾನೆ ಅಂದ್ರು. ಏಳ್ಲೇ ಇಲ್ಲ..."

ಗಂಡನಿಗೊಬ್ಬ ಅಣ್ಣನಿದ್ದ ಎಂಬುದೇ ಮಂಜುಶ್ರೀಗೆ ಗೊತ್ತಿರಲಿಲ್ಲ. ಆ ಮನೆಯಲ್ಲಿ ಯಾರೂ ಆ ಹೆಸರೆತ್ತಿದವರಲ್ಲ. ಅವಳು ನರ್ಸನ್ನು ಬೇಡಿಕೊಂಡು ಅತ್ತೆಯ ಕೈಹಿಡಿದು ಒಳಗೆ ಕರೆದೊಯ್ದಳು. ಚಂದನ ಬೋರಲು ಮಲಗಿದ್ದಳು.

"ಇಲ್ಲಿ ಕೈ ಇಟ್ಟು ನೋಡಿ, ಅತ್ತೆ."

ಪುಟ್ಟಗಂಗಮ್ಮ ಕಣ್ಣುಮುಚ್ಚಿ ಕೈ ಇಟ್ಟರು. ಅಂಗೈ ಕೆಳಗೆ ಆ ಪುಟ್ಟ ಬೆನ್ನು ಏರಿತು, ಇಳಿಯಿತು, ಮತ್ತೆ ಏರಿತು. ಅವರು ಕೈ ತೆಗೆಯಲೇ ಇಲ್ಲ. ಸಂಜೆಯ ಹೊತ್ತಿಗೆ ಆಮ್ಲಜನಕ ಒಂದಿಷ್ಟು ಏರಿತ್ತು.

ಹಾಗೆ ಏರುತ್ತಾ ಇಳಿಯುತ್ತಾ ದಿನಗಳು ಕಳೆದು, ಕಡೆಗೊಂದು ದಿನ ಕೊಳವೆ ತೆಗೆದರು. ಚಂದನ ಒಡೆದ ದನಿಯಲ್ಲಿ ನೀರು ಕೇಳಿದಳು. ಹನುಮಂತರಾಜು ಗೋಡೆಗೆ ಮುಖ ಮಾಡಿ ಅತ್ತ.

ಅಂದು ಮಧ್ಯಾಹ್ನ ಮಗು ನಿದ್ದೆಹೋದ ಮೇಲೆ ಮಂಜುಶ್ರೀ ಅತ್ತೆಯನ್ನು ಕೇಳಿದಳು. "ಗಂಗರಾಜು ಭಾವ ಹೆಂಗಿದ್ರು?"

ಪುಟ್ಟಗಂಗಮ್ಮ ಮೊಮ್ಮಗಳ ಹೊದಿಕೆ ಸರಿಮಾಡಿದರು.

"ಕುದುರೆ ಅಂದ್ರೆ ಪ್ರಾಣ ಅವ್ನಿಗೆ," ಎಂದರು ಕೊನೆಗೆ. "ಆಗ ಕುಣಿಗಲ್‌ನಾಗೆ ಇದ್ವಲ್ಲ, ಅಲ್ಲಿ ಕುದುರೆ ಫಾರಂ ಬೇಲಿ ಹತ್ರ ನಿಂತ್ಬಿಟ್ರೆ ಉಣ್ಣೋಕೂ ಬರ್ತಿರ್ಲಿಲ್ಲ..."

ಹನುಮಂತರಾಜು ಬಂದು ಅವ್ವನ ಕಾಲ ಬಳಿ ನೆಲದ ಮೇಲೆ ಕೂತ. ಅವ್ವನ ಬಾಯಿಂದ ಅಣ್ಣನ ವಿಷಯ ಅವನೂ ಕೇಳುತ್ತಿದ್ದುದು ಅದೇ ಮೊದಲು.